ಅಲೆಕ್ಸಾಂಡರನ, ಏನು?

ಗ್ರೀಕ್ ಬೆಳ್ಳಿ ನಾಣ್ಯಗಳ ಬಗ್ಗೆ ಬರೆಯುವವರು ಒಂದಲ್ಲ ಒಂದು ಪುಟದಲ್ಲಿ ಆಂಟಿಮಾಕಸನ ನಗುವಿನ ಮುಂದೆ ನಿಲ್ಲುತ್ತಾರೆ. ಈ ಆಂಟಿಮಾಕಸ್ ಕ್ರಿಸ್ತಪೂರ್ವ ಎರಡನೆಯ ಶತಮಾನದ ಮೊದಲರ್ಧದಲ್ಲಿ ಬ್ಯಾಕ್ಟ್ರಿಯಾದ, ಅಂದರೆ ಇಂದಿನ ಉತ್ತರ ಅಫ್ಘಾನಿಸ್ತಾನದ ಸುತ್ತಿನ ನಾಡಿನ ಗ್ರೀಕ್ ಅರಸ. ನಾಲ್ಕು ದ್ರಖ್ಮ ಬೆಲೆಯ ಅವನ ನಾಣ್ಯ ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ಅಗಲ, ತೂಕದಲ್ಲಿ ಅದರ ಎರಡರಷ್ಟು. ಮುಂಬದಿಯಲ್ಲಿ ಅವನ ಮುಖ. ತಲೆಯ ಮೇಲೆ ಮ್ಯಾಸಿಡೋನಿಯದವರ ಚಪ್ಪಟೆ ಟೋಪಿ, ನಡುವಯಸ್ಸಿನ ಕೆನ್ನೆ, ತುಟಿಯಂಚಿನಲ್ಲಿ ನಕ್ಕಂತೆಯೂ ನಗದಂತೆಯೂ ಕಾಣುವ ಒಂದು ಗೆರೆ. ಹಿಂಬದಿಯಲ್ಲಿ ತ್ರಿಶೂಲ ಹಿಡಿದ ಕಡಲದೇವರು ಪೊಸೈಡನ್. ಅಕ್ಕಪಕ್ಕದಲ್ಲಿ ಮೂರು ಪದ: ಅರಸ, ದೇವರು, ಆಂಟಿಮಾಕಸ್.

ತನ್ನನ್ನು ದೇವರು ಎಂದು ಕರೆದುಕೊಂಡವನು ಹೀಗೇಕೆ ನಗುತ್ತಿದ್ದಾನೆ? ಆ ಬಿರುದನ್ನು ತಾನೇ ನಂಬದ ಜಾಣ ಅಂದವರುಂಟು. ಪ್ರಜೆಗಳ ಮೌಢ್ಯಕ್ಕೆ ಒಳಗೊಳಗೇ ನಗುವ ವಿರಕ್ತ ಅಂದವರುಂಟು. ಕಡಲೇ ಇಲ್ಲದ ನಾಡಿನಲ್ಲಿ ಕಡಲದೇವರು ಬಂದದ್ದಕ್ಕೆ ಯಾವುದೋ ಹೊಳೆಯ ಮೇಲೆ ಒಂದು ನೌಕಾಯುದ್ಧವನ್ನೇ ನಡೆಸಿ ಅವನನ್ನು ಗೆಲ್ಲಿಸಿದವರೂ ಉಂಟು. ಓದಲು ಎಲ್ಲವೂ ಚೆನ್ನ. ಆದರೆ ಇವೆಲ್ಲ ನಾಣ್ಯವನ್ನು ಬದಿಗಿಟ್ಟು ಬರೆದ ಕಾದಂಬರಿಗಳು ಎಂಬುದು ನನ್ನ ತಕರಾರು. ಕವಿತೆಯಲ್ಲಿ ಮಳೆ ಬಂದರೆ ಕವಿಯ ಊರಲ್ಲಿ ಅಂದು ಮಳೆ ಬಂದಿತ್ತೇ ಎಂದು ಹುಡುಕುವ ವಿಮರ್ಶೆಯನ್ನು ನಾವು ಕನ್ನಡದಲ್ಲಿ ಬಿಟ್ಟು ಬಹಳ ಕಾಲವಾಯಿತು. ನಾಣ್ಯದ ಮುಖಕ್ಕೆ ಬಂದಾಗ ಮಾತ್ರ ಅದೇ ಹಳೆಯ ಚಾಳಿ ಹೊಸ ಅಂಗಿ ತೊಟ್ಟು ಬರುತ್ತದೆ.

ಹಾಗೆಂದು ಇದನ್ನು ತಜ್ಞರ ಜಗಳ ಎಂದು ಬಿಟ್ಟುಬಿಡುವಂತಿಲ್ಲ. ಬ್ಯಾಕ್ಟ್ರಿಯಾ, ಗಾಂಧಾರ, ಪಂಜಾಬುಗಳಲ್ಲಿ ಆಳಿದ ಗ್ರೀಕ್ ಅರಸರು ನಲವತ್ತಕ್ಕೂ ಹೆಚ್ಚು. ಹಳೆಯ ಗ್ರಂಥಗಳಲ್ಲಿ, ಶಾಸನಗಳಲ್ಲಿ ಹೆಸರು ಸಿಗುವವರು ಬೆರಳೆಣಿಕೆಯಷ್ಟು. ಉಳಿದವರು ಇದ್ದರು ಎಂಬುದಕ್ಕೆ ನಾಣ್ಯ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಯಾರ ಮಗ, ಯಾರ ಕೈಯಲ್ಲಿ ಸತ್ತ, ಎಲ್ಲಿಂದ ಎಲ್ಲಿಯವರೆಗೆ ಆಳಿದ, ಎಲ್ಲವನ್ನೂ ಅಂಗೈಯಗಲದ ಬೆಳ್ಳಿಯಿಂದಲೇ ಹೇಳಿಸಬೇಕು. ಅದನ್ನು ಓದುವ ಕ್ರಮ ತಪ್ಪಿದರೆ ಎರಡು ಶತಮಾನಗಳ ಚರಿತ್ರೆಯೇ ತಪ್ಪುತ್ತದೆ.

ನಾನು ಹೊಟ್ಟೆಪಾಡಿಗೆ ಮುಂಬಯಿಯಲ್ಲಿ ಲೆಕ್ಕ ತಪಾಸಣೆ ಮಾಡುವವನು. ಕಾಗದದಲ್ಲಿ ಬರೆದದ್ದೇನು ಎಂದು ಮೊದಲು ನೋಡು, ಬರೆದವನ ಮನಸ್ಸಿನಲ್ಲಿ ಇದ್ದದ್ದೇನು ಎಂದು ಆಮೇಲೆ ನೋಡು ಎಂಬುದು ಈ ಕಸುಬಿನ ಮೊದಲ ಪಾಠ. ಹಾಗಾಗಿ ಮೊದಲು ಅಕ್ಷರ.

ಅಲೆಕ್ಸಾಂಡರನ ಬೆಳ್ಳಿ ನಾಣ್ಯದ ಮೇಲೆ ಇರುವ ಪದ 'ಅಲೆಕ್ಸಾಂಡ್ರೂ'. ಅದು ಅಲೆಕ್ಸಾಂಡರ್ ಎಂಬ ಹೆಸರಲ್ಲ, ಷಷ್ಠಿ ವಿಭಕ್ತಿ. ಕನ್ನಡದಲ್ಲಿ ಹೇಳಿದರೆ 'ಅಲೆಕ್ಸಾಂಡರನ'. ಅಲ್ಲಿಗೆ ಮುಗಿಯಿತು, ಮುಂದೆ ನಾಮಪದ ಇಲ್ಲ. ಅಲೆಕ್ಸಾಂಡರನ ಏನು? ನಾಣ್ಯವೇ, ಬೆಳ್ಳಿಯೇ, ಮುಖವೇ, ಅಪ್ಪಣೆಯೇ? ಗ್ರೀಕ್ ನಾಣ್ಯಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ಅಥೆನ್ಸಿನ ನಾಣ್ಯದ ಮೇಲಿನ ಮೂರಕ್ಷರ 'ಅಥೆ' ಎಂದರೆ 'ಅಥೆನ್ಸಿನವರ'. ಸಿರಾಕ್ಯೂಸಿನ ನಾಣ್ಯದ ಮೇಲೆ 'ಸಿರಾಕ್ಯೂಸಿನವರ'. ಆಂಟಿಮಾಕಸನ ಮೂರು ಪದಗಳೂ ಷಷ್ಠಿಯಲ್ಲಿವೆ. ಗ್ರೀಕ್ ನಾಣ್ಯಗಳ ಇತಿಹಾಸವನ್ನು ಆ ಖಾಲಿ ಬಿಟ್ಟ ಜಾಗವನ್ನು ಯಾರು ಯಾರು ಹೇಗೆ ತುಂಬಲು ನೋಡಿದರು ಎಂಬ ಕತೆಯಾಗಿ ಓದಬಹುದು. ಆ ಕತೆಯಲ್ಲಿ ಅರಸನ ಮುಖ ಬರುವುದು ತೀರ ತಡವಾಗಿ.

ಅಥೆನ್ಸಿನಲ್ಲಿ ಅರಸನೇ ಇರಲಿಲ್ಲ. ಮುಂಬದಿಯಲ್ಲಿ ಅಥೀನಾ ದೇವಿ, ಹಿಂಬದಿಯಲ್ಲಿ ಅವಳ ಗೂಬೆ, ಒಂದು ಆಲಿವ್ ಚಿಗುರು. ಬೆಳ್ಳಿ ಬರುತ್ತಿದ್ದದ್ದು ಲಾರಿಯಂ ಗಣಿಯಿಂದ. ಅಗೆಯುತ್ತಿದ್ದವರು ಗುಲಾಮರು. ಕ್ರಿ.ಪೂ. 483ರ ಹೊತ್ತಿಗೆ ಅಲ್ಲಿ ಸಿಕ್ಕ ಹೊಸ ಬೆಳ್ಳಿಯನ್ನು ಊರವರು ಹಂಚಿಕೊಳ್ಳುವ ಬದಲು ಹಡಗು ಕಟ್ಟೋಣ ಎಂದು ಥೆಮಿಸ್ಟೊಕ್ಲೀಸ್ ಒಪ್ಪಿಸಿದ. ಮೂರು ವರ್ಷದ ನಂತರ ಸಲಾಮಿಸ್‌ನಲ್ಲಿ ಪರ್ಷಿಯನ್ನರನ್ನು ಸೋಲಿಸಿದ್ದು ಆ ಹಡಗುಗಳು. ಇಷ್ಟು ದೊಡ್ಡ ಸಂಗತಿಯ ಒಂದು ಗೆರೆಯೂ ನಾಣ್ಯದ ಮೇಲೆ ಥೆಮಿಸ್ಟೊಕ್ಲೀಸನ ಹೆಸರಿನಲ್ಲಿ ಇಲ್ಲ. ಇನ್ನೂ ಸ್ವಾರಸ್ಯದ್ದು ದೇವಿಯ ಕಣ್ಣು. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಮಾತ್ರ ಎದುರಿನಿಂದ ಕಂಡಂತೆ ಬಾದಾಮಿಯಾಕಾರದಲ್ಲಿ ಕೆತ್ತಿದ್ದು ಹಳೆಯ ಶೈಲಿ. ಅದೇ ಊರಿನ ಶಿಲ್ಪಿಗಳು ಪಾರ್ಥೆನಾನ್ ಕಟ್ಟಿ ಮುಗಿಸಿದ ಮೇಲೂ ಟಂಕಸಾಲೆ ಆ ಕಣ್ಣನ್ನು ತಿದ್ದಲಿಲ್ಲ. ಕೈಲಾಗದೆ ಅಲ್ಲ. ಹೊರದೇಶದ ವ್ಯಾಪಾರಿ ಗುರುತು ಹಿಡಿಯುತ್ತಿದ್ದದ್ದೇ ಆ ಕಣ್ಣನ್ನು, ಆ ಗೂಬೆಯನ್ನು. ಬದಲಿಸಿದರೆ ನಾಣ್ಯದ ಮೇಲಿನ ನಂಬಿಕೆ ಅಲುಗುತ್ತಿತ್ತು. ನಾಣ್ಯದ ಮೇಲಿನ ಮುಖವನ್ನು ಓದುವಾಗ ಮರೆಯಬಾರದ ಸಂಗತಿ ಇದು. ಅದು ಕನ್ನಡಿಗಿಂತ ಹೆಚ್ಚಾಗಿ ಮುದ್ರೆ.

ಸಿರಾಕ್ಯೂಸ್ ಇದಕ್ಕೆ ಪೂರ್ತಿ ಬೇರೆ. ಕ್ರಿ.ಪೂ. 405ರಿಂದ 367ರವರೆಗೆ ಆ ಊರನ್ನು ಆಳಿದವನು ಸರ್ವಾಧಿಕಾರಿ ಡಯೊನಿಸಿಯಸ್. ಆ ಕಾಲದ ಹತ್ತು ದ್ರಖ್ಮ ನಾಣ್ಯ ಸುಮಾರು 43 ಗ್ರಾಂ ಬೆಳ್ಳಿ, ಪ್ರಪಂಚದ ಅತಿ ಚೆಲುವಿನ ನಾಣ್ಯಗಳಲ್ಲಿ ಒಂದು. ಮುಂಬದಿಯಲ್ಲಿ ಅರೆತೂಸ ಎಂಬ ಚಿಲುಮೆಯ ದೇವತೆ, ಅವಳ ಸುತ್ತ ಈಜುವ ಡಾಲ್ಫಿನ್‌ಗಳು. ಹಿಂಬದಿಯಲ್ಲಿ ಓಡುವ ನಾಲ್ಕು ಕುದುರೆಗಳ ರಥ. ಡಯೊನಿಸಿಯಸನ ಹೆಸರು ಎಲ್ಲೂ ಇಲ್ಲ. ಹೆಸರು ಇರುವುದು ಅಚ್ಚು ಕೆತ್ತಿದವರದು. ಕಿಮೋನ್, ಯುಐನೆಟೋಸ್ ಎಂಬ ಇಬ್ಬರು ದೇವತೆಯ ತಲೆಪಟ್ಟಿಯ ಮೇಲೋ ಡಾಲ್ಫಿನ್‌ನ ಮೈಮೇಲೋ ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣಕ್ಷರದಲ್ಲಿ ತಮ್ಮ ಹೆಸರು ಬರೆದಿದ್ದಾರೆ. ಊರನ್ನು ಅಂಗೈಯಲ್ಲಿ ಇಟ್ಟುಕೊಂಡ ಸರ್ವಾಧಿಕಾರಿ 'ಸಿರಾಕ್ಯೂಸಿನವರ' ಎಂಬ ಪದದ ಹಿಂದೆ ಅಡಗಿಕೊಂಡ, ಕಸುಬುದಾರ ಬಯಲಿಗೆ ಬಂದ. ಮುಂದೆ ಅರಸರ ಮುಖ ಬರುವ ಹೊತ್ತಿಗೆ ಈ ಸಹಿಗಳು ಮಾಯವಾಗುತ್ತವೆ. ಆಂಟಿಮಾಕಸನ ತುಟಿಯ ಗೆರೆಯನ್ನು ಕೆತ್ತಿದವನು ಯಾರು? ಆ ನಗು ಅರಸನದೋ ಕೆತ್ತಿದವನದೋ? ನಗುವಿನ ವ್ಯಾಖ್ಯಾನಕಾರರು ಈ ಪ್ರಶ್ನೆಯನ್ನು ಕೇಳಿದ್ದು ಕಡಿಮೆ.

ಲಿಸಿಯದ ಕೆಲವು ಸಣ್ಣ ಅರಸರು ಕ್ರಿ.ಪೂ. 400ರ ಸುಮಾರಿಗೇ ತಮ್ಮ ಮುಖವನ್ನು ಟಂಕಿಸಿದ್ದರು. ಅದು ಪರ್ಷಿಯನ್ ಸಾಮ್ರಾಜ್ಯದ ಅಂಚು. ಗ್ರೀಕರ ನಡುವೆ ಆ ಸಲಿಗೆ ಇರಲಿಲ್ಲ, ಅಲೆಕ್ಸಾಂಡರನಿಗೂ ಇರಲಿಲ್ಲ. ಅವನ ಬೆಳ್ಳಿಯ ಮುಂಬದಿಯಲ್ಲಿ ಇರುವುದು ಸಿಂಹದ ಚರ್ಮ ಹೊದ್ದ ಹೆರಾಕ್ಲಿಸ್, ಹಿಂಬದಿಯಲ್ಲಿ ಸಿಂಹಾಸನದ ಮೇಲೆ ಕೂತ ಝ್ಯೂಸ್. ಆ ಹೆರಾಕ್ಲಿಸ್ ನಿಜಕ್ಕೂ ಅಲೆಕ್ಸಾಂಡರನ ಮುಖವೇ ಎಂದು ವಿದ್ವಾಂಸರು ಬಹಳ ಕಾಲ ಚರ್ಚೆ ಮಾಡಿದ್ದಾರೆ. ನನಗೆ ಚರ್ಚೆಗಿಂತ ಅದಕ್ಕೆ ಎಡೆ ಮಾಡಿದ ಜಾಣತನ ದೊಡ್ಡದಾಗಿ ಕಾಣುತ್ತದೆ. ಒಂದು ಬದಿಗೆ ದೇವರ ಮುಖ, ಇನ್ನೊಂದು ಬದಿಗೆ ನಾಮಪದ ಇಲ್ಲದ 'ಅಲೆಕ್ಸಾಂಡರನ'. ಎರಡನ್ನೂ ಸೇರಿಸಿ ಓದುವ ಕೆಲಸ ನಾಣ್ಯ ಹಿಡಿದವನದು. ಕವಿತೆ ತಾನು ಹೇಳದೆ ಓದುಗನಿಂದ ಹೇಳಿಸುವ ಹಾಗೆ.

ಅಲೆಕ್ಸಾಂಡರ್ ಕ್ರಿ.ಪೂ. 323ರಲ್ಲಿ ಸತ್ತ. ಅವನ ಹೆಸರಿನ ನಾಣ್ಯ ಸಾಯಲಿಲ್ಲ. ಸತ್ತು ಇನ್ನೂರು ವರ್ಷ ಕಳೆದರೂ ಹಲವು ಊರುಗಳ ಟಂಕಸಾಲೆಗಳು ಅದನ್ನೇ ಹೊಡೆಯುತ್ತಿದ್ದವು. ಅವನ ಸೇನಾಪತಿಗಳ ಸಂಕೋಚ ನೋಡಲು ಮೋಜಾಗಿದೆ. ಈಜಿಪ್ಟಿನ ಟಾಲೆಮಿ ಮೊದಲು ಅಲೆಕ್ಸಾಂಡರನ ಮುಖವನ್ನೇ ಹಾಕಿದ, ತಲೆಗೆ ಆನೆಯ ಚರ್ಮ ಹೊದಿಸಿ. ಹೆರಾಕ್ಲಿಸನ ಸಿಂಹದ ಜಾಗಕ್ಕೆ ಭಾರತದ ಆನೆ ಬಂತು. ತಾನೇ ಅರಸ ಎಂದು ಸಾರಿಕೊಂಡ ಕ್ರಿ.ಪೂ. 305ರ ಆಸುಪಾಸಿನಲ್ಲಿ ತನ್ನ ಮುಖ ಹಾಕಿದ. ಮುಂದಕ್ಕೆ ಚಾಚಿದ ಗದ್ದ, ಬಾಗಿದ ಮೂಗು, ಗುಳಿಬಿದ್ದ ದೊಡ್ಡ ಕಣ್ಣು, ಚೆಲುವನಲ್ಲ. ಅದನ್ನು ಮರೆಮಾಚುವ ಪ್ರಯತ್ನವೂ ಕಾಣುವುದಿಲ್ಲ. ಅವನ ವಂಶದವರು ಎರಡೂವರೆ ಶತಮಾನ ಆ ಗದ್ದವನ್ನೇ ಹೊಡೆಯುತ್ತ ಹೋದರು. ಜೊತೆಗೆ ನಾಣ್ಯದ ತೂಕವನ್ನು 17 ಗ್ರಾಂ ಚಿಲ್ಲರೆಯಿಂದ 14 ಗ್ರಾಂ ಚಿಲ್ಲರೆಗೆ ಇಳಿಸಿ, ಹೊರಗಿನ ನಾಣ್ಯ ತಂದವರು ಇಲ್ಲಿಯದಕ್ಕೆ ಬದಲಿಸಿಕೊಳ್ಳಲೇಬೇಕು ಎಂದು ಕಟ್ಟು ಮಾಡಿದರು. ನನ್ನಂಥ ಲೆಕ್ಕದವನಿಗೆ ಟಾಲೆಮಿಯ ಸ್ವಭಾವ ಗದ್ದಕ್ಕಿಂತ ಆ ಮೂರು ಗ್ರಾಂನಲ್ಲಿ ಚೆನ್ನಾಗಿ ಕಾಣುತ್ತದೆ.

ಲೈಸಿಮಾಕಸ್ ಇನ್ನೂ ನಾಚಿಕೆಯವನು. ಅವನ ನಾಣ್ಯದ ಮೇಲೆ ಟಗರಿನ ಕೊಂಬು ಮೂಡಿದ ಅಲೆಕ್ಸಾಂಡರನ ಮುಖ, ಹಿಂಬದಿಯಲ್ಲಿ 'ಅರಸ ಲೈಸಿಮಾಕಸನ'. ಮುಖ ಒಬ್ಬನದು, ಷಷ್ಠಿ ಇನ್ನೊಬ್ಬನದು. ಡೆಮೆಟ್ರಿಯಸ್ ಪೋಲಿಯೋರ್ಸೆಟೀಸನಿಗೆ ಈ ನಾಚಿಕೆ ಇರಲಿಲ್ಲ. ಗೂಳಿಯ ಕೊಂಬು ತೊಟ್ಟು ಬದುಕಿರುವಾಗಲೇ ತನ್ನ ಮುಖವನ್ನು ಗ್ರೀಸಿನ ನೆಲದಲ್ಲಿ ಟಂಕಿಸಿದ. ಅಲ್ಲಿಂದ ಮುಂದೆ ಸಂಕೋಚ ಹೋಯಿತು.

ಪೆರ್ಗಮಂನ ಫಿಲೆಟೇರಸನ ಮುಖವನ್ನು ಈ ಲೇಖನದ ಮಟ್ಟಿಗೆ ಎಚ್ಚರಿಕೆಯ ಫಲಕವಾಗಿ ಇಟ್ಟುಕೊಳ್ಳಬಹುದು. ಲೈಸಿಮಾಕಸ್ ಕಾವಲಿಗೆ ಒಪ್ಪಿಸಿದ 9000 ಟ್ಯಾಲೆಂಟ್ ಬೆಳ್ಳಿಯೊಂದಿಗೆ ಸೆಲ್ಯೂಕಸನ ಕಡೆಗೆ ವಾಲಿದ ಮನುಷ್ಯ ಇವನು. ಇವನ ಮುಖವನ್ನು ನಾಣ್ಯಕ್ಕೆ ಹಾಕಿದವರು ಇವನ ನಂತರ ಬಂದ ವಂಶದವರು. ದಪ್ಪ ಕುತ್ತಿಗೆ, ತುಂಬಿದ ಕೆನ್ನೆ, ಭಾರವಾದ ಗದ್ದ. ಎಳವೆಯಲ್ಲಿ ಜನಜಂಗುಳಿಯಲ್ಲಿ ದಾದಿಯ ಕೈಯಲ್ಲಿ ಅದುಮಿಹೋಗಿ ಇವನು ನಪುಂಸಕನಾದ ಎಂದು ಸ್ಟ್ರೇಬೋ ಬರೆದಿದ್ದಾನೆ. ಆ ಸಾಲನ್ನು ಓದಿದ ಮೇಲೆ ಪ್ರತಿಯೊಬ್ಬರಿಗೂ ಆ ಕೆನ್ನೆಯಲ್ಲಿ ಅದೇ ಕಾಣುತ್ತದೆ. ಸ್ಟ್ರೇಬೋ ಬರೆಯದೆ ಇದ್ದಿದ್ದರೆ? ಚೆನ್ನಾಗಿ ಉಂಡ ಖಜಾನೆ ಅಧಿಕಾರಿ ಎಂದು ಹೇಳಿ ಮುಂದೆ ಹೋಗುತ್ತಿದ್ದೆವು.

ಮುಖಗಳೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಬ್ಯಾಕ್ಟ್ರಿಯಾದ ಯೂಥಿಡೀಮಸನ ನಾಣ್ಯಗಳನ್ನು ಸಾಲಾಗಿ ಇಟ್ಟರೆ ಒಬ್ಬ ಮನುಷ್ಯ ಮುದುಕನಾಗುವುದು ಕಣ್ಣೆದುರು ನಡೆಯುತ್ತದೆ. ಕೆನ್ನೆ ಜೋಲುತ್ತದೆ, ಕತ್ತು ದಪ್ಪವಾಗುತ್ತದೆ, ಬಾಯಿ ಬಿಗಿಯುತ್ತದೆ. ಕ್ರಿ.ಪೂ. 208ರಿಂದ ಎರಡು ವರ್ಷ ಮೂರನೆಯ ಆಂಟಿಯೋಕಸ್ ಇವನ ರಾಜಧಾನಿಯನ್ನು ಮುತ್ತಿದ್ದ, ಸಂಧಾನಕ್ಕೆ ಹೋದವನು ಇವನ ಮಗ ಡೆಮೆಟ್ರಿಯಸ್ ಎಂದು ಪಾಲಿಬಿಯಸ್ ಹೇಳುತ್ತಾನೆ. ಅಷ್ಟನ್ನು ತಿಳಿದು ಆ ಬಿಗಿದ ಬಾಯಿಯನ್ನು ನೋಡಿ ಏನೂ ಅನ್ನಿಸದೆ ಇರುವುದು ಕಷ್ಟ. ಅನ್ನಿಸಲಿ. ಅನ್ನಿಸಿದ್ದನ್ನು ಪುರಾವೆಯ ಕಂಬಸಾಲಿಗೆ ಏರಿಸಬಾರದು ಅಷ್ಟೆ. ಆ ಮಗ ಅರಸನಾದ ಮೇಲೆ ತಲೆಗೆ ಹಾಕಿಕೊಂಡದ್ದೇನು ಗೊತ್ತೆ? ಆನೆಯ ಚರ್ಮ. ಈಜಿಪ್ಟಿನಲ್ಲಿ ಟಾಲೆಮಿ ಅಲೆಕ್ಸಾಂಡರನಿಗೆ ಹೊದಿಸಿದ ಅದೇ ವೇಷ. ಒಂದು ಕಾವ್ಯ ಇನ್ನೊಂದರ ಸಾಲನ್ನು ಎತ್ತಿಕೊಳ್ಳುವಂತೆ ಒಂದು ಅಚ್ಚು ಇನ್ನೊಂದನ್ನು ಎತ್ತಿಕೊಂಡಿದೆ. ಇಲ್ಲಿ ಓದಬೇಕಾದದ್ದು ಡೆಮೆಟ್ರಿಯಸನ ಮೂಗಲ್ಲ, ಆ ಎತ್ತಿಕೊಂಡ ಸಾಲು.

ಈ ಎತ್ತಿಕೊಳ್ಳುವ ಆಟದ ಮಹಾಕವಿ ಎಂದರೆ ಅಗಾಥೊಕ್ಲೀಸ್. ಕ್ರಿ.ಪೂ. 180ರ ಸುಮಾರಿನವನು. ಅವನು ಟಂಕಿಸಿದ ಒಂದು ಸರಣಿಯಲ್ಲಿ ಒಂದೊಂದು ನಾಣ್ಯದ ಮೇಲೆ ಒಬ್ಬೊಬ್ಬ ಹಿಂದಿನ ಅರಸ ಬರುತ್ತಾನೆ. ಡಿಯೊಡೋಟಸ್, ಯೂಥಿಡೀಮಸ್, ಡೆಮೆಟ್ರಿಯಸ್, ಎಲ್ಲಕ್ಕಿಂತ ಮೇಲೆ ಅಲೆಕ್ಸಾಂಡರ್. ಅಲೆಕ್ಸಾಂಡರನ ನಾಣ್ಯದಲ್ಲಿ ಇರುವುದು ಅದೇ ಸಿಂಹದ ಚರ್ಮದ ಹೆರಾಕ್ಲಿಸ್ ಮುಖ. ಆದರೆ ಪಕ್ಕದಲ್ಲೇ 'ಫಿಲಿಪ್ಪನ ಮಗ ಅಲೆಕ್ಸಾಂಡರನ' ಎಂದು ಬರೆದಿದೆ. ಒಂದೂವರೆ ಶತಮಾನದ ಹಿಂದೆ ಖಾಲಿ ಬಿಟ್ಟಿದ್ದ ಜಾಗವನ್ನು ಬ್ಯಾಕ್ಟ್ರಿಯಾದ ಟಂಕಸಾಲೆ ತುಂಬಿಬಿಟ್ಟಿತು. ಹಿಂಬದಿಯಲ್ಲಿ 'ನ್ಯಾಯವಂತ ಅಗಾಥೊಕ್ಲೀಸ್ ಆಳುತ್ತಿರಲು' ಎಂದಿದೆ. ಕನ್ನಡ ಶಾಸನ ಓದಿದವರಿಗೆ ಈ ವಾಕ್ಯ ಹೊಸದಲ್ಲ. ಇಂಥವರು 'ಪೃಥ್ವೀರಾಜ್ಯಂ ಗೆಯ್ಯುತ್ತಿರೆ' ಎಂದು ಶುರುವಾಗುವ ಕಲ್ಲುಗಳು ನಮ್ಮಲ್ಲಿ ಊರಿಗೊಂದು ಇವೆ. ಅಲ್ಲೂ ಹೀಗೆಯೇ ವಂಶಾವಳಿ, ಬಿರುದಾವಳಿ. ಚಂದ್ರನಿಂದ ಶುರುವಾಗುವ ವಂಶವೃಕ್ಷವನ್ನು ನಾವು ರಕ್ತಸಂಬಂಧದ ದಾಖಲೆ ಎಂದು ಓದುವುದಿಲ್ಲ, ಹಕ್ಕಿನ ವಾದ ಎಂದು ಓದುತ್ತೇವೆ. ಅಗಾಥೊಕ್ಲೀಸನ ಸರಣಿಗೂ ಅದೇ ಓದು ಸಲ್ಲಬೇಕು. ಸಿಂಹಾಸನದ ಮೇಲೆ ಹಕ್ಕು ಗಟ್ಟಿಯಿದ್ದವನು ಇಷ್ಟೊಂದು ಪೂರ್ವಜರನ್ನು ಕರೆಸುತ್ತಿರಲಿಲ್ಲ ಎಂಬುದು ನನ್ನ ಗುಮಾನಿ.

ಅವನದೇ ಇನ್ನೊಂದು ಬಗೆಯ ನಾಣ್ಯ 1970ರಲ್ಲಿ ಸಿಕ್ಕಿತು. ಅಫ್ಘಾನಿಸ್ತಾನದ ಐ ಖಾನೂಂ ಎಂಬಲ್ಲಿ ಫ್ರೆಂಚರು ಗ್ರೀಕ್ ಪಟ್ಟಣವೊಂದನ್ನು ಅಗೆಯುತ್ತಿದ್ದಾಗ ಭಾರತದ 677 ಮುದ್ರಾಂಕಿತ ನಾಣ್ಯಗಳ ಜೊತೆ ಅಗಾಥೊಕ್ಲೀಸನ ಆರು ಬೆಳ್ಳಿ ನಾಣ್ಯ. ದುಂಡಗಿಲ್ಲ, ಭಾರತದ ರೀತಿಯಲ್ಲಿ ಚೌಕ. ಒಂದು ಬದಿಗೆ ನೇಗಿಲು, ಒನಕೆ ಹಿಡಿದ ಬಲರಾಮ, ಇನ್ನೊಂದು ಬದಿಗೆ ಚಕ್ರ ಹಿಡಿದ ವಾಸುದೇವ. ಒಂದು ಕಡೆ ಗ್ರೀಕ್, ಇನ್ನೊಂದು ಕಡೆ ಬ್ರಾಹ್ಮಿಯಲ್ಲಿ 'ರಾಜನೆ ಅಗಥುಕ್ಲಯೆಸ'. ಇಲ್ಲಿ ಅವನ ಮುಖವೇ ಇಲ್ಲ. ಮುಖ ಯಾರಿಗೆ ಬೇಕೋ ಅವರಿಗೆ ಮುಖ, ಮುಖ ಬೇಡದವರಿಗೆ ದೇವರು. ಓದುಗನನ್ನು ಕಂಡು ಬರೆಯುವುದು ಎಂದರೆ ಇದು.

ಈಗ ಪುಸ್ತಕಗಳಿಗೆ ಬರುತ್ತೇನೆ. ಈ ಅರಸರ ಬಗ್ಗೆ ಬರೆದ ಎರಡು ಹೊತ್ತಗೆಗಳನ್ನು ಎದುರುಬದುರು ಕೂರಿಸದೆ ಮಾತು ಮುಗಿಯುವುದಿಲ್ಲ. ಡಬ್ಲ್ಯು. ಡಬ್ಲ್ಯು. ಟಾರ್ನ್ 1938ರಲ್ಲಿ ಬರೆದ 'ದಿ ಗ್ರೀಕ್ಸ್ ಇನ್ ಬ್ಯಾಕ್ಟ್ರಿಯಾ ಅಂಡ್ ಇಂಡಿಯಾ', ಎ. ಕೆ. ನಾರಾಯಣ್ 1957ರಲ್ಲಿ ಬರೆದ 'ದಿ ಇಂಡೋ-ಗ್ರೀಕ್ಸ್'. ಟಾರ್ನ್ ವಕೀಲಿಕೆ ಬಿಟ್ಟು ಇತಿಹಾಸಕ್ಕೆ ಬಂದವರು. ವಕೀಲರ ಪ್ರತಿಭೆ ಪುಟಪುಟದಲ್ಲಿ ಇದೆ. ಕಡಿಮೆ ಸಾಕ್ಷ್ಯದಲ್ಲಿ ಮೊಕದ್ದಮೆ ಗೆಲ್ಲುವ ಕಲೆ ಅದು. ಉದಾಹರಣೆಗೆ ಯೂಕ್ರಟೈಡೀಸ್. ಅವನ ಒಂದು ಬಗೆಯ ನಾಣ್ಯದ ಮೇಲೆ ಒಂದು ಜೋಡಿ ಇದೆ, ಹೆಲಿಯೊಕ್ಲೀಸ್ ಮತ್ತು ಲಾವೊಡಿಕಿ, ಬಹುಶಃ ಅವನ ತಂದೆತಾಯಿ. ಲಾವೊಡಿಕಿಯ ತಲೆಗೆ ಅರಸುಪಟ್ಟಿ ಇದೆ, ಹೆಲಿಯೊಕ್ಲೀಸನ ತಲೆ ಬರಿದು. ಹಾಗಾದರೆ ಅವಳು ರಾಜವಂಶದವಳು, ಅವನು ಅಲ್ಲ. ಇಷ್ಟರವರೆಗೆ ಒಪ್ಪೋಣ. ಟಾರ್ನ್ ಇಲ್ಲಿಂದ ಅವಳನ್ನು ಸಿರಿಯಾದ ಸೆಲ್ಯೂಸಿಡ್ ರಾಜಕುವರಿಯನ್ನಾಗಿ ಮಾಡಿ, ಮಗನನ್ನು ನಾಲ್ಕನೆಯ ಆಂಟಿಯೋಕಸ್ ಪೂರ್ವದಿಕ್ಕನ್ನು ಮರಳಿ ಗೆಲ್ಲಲು ಕಳಿಸಿದ ಸೇನಾಪತಿಯನ್ನಾಗಿ ಮಾಡಿದರು. ತಲೆಗೆ ಕಟ್ಟುವ ಒಂದು ಪಟ್ಟಿಯ ಮೇಲೆ ಒಂದು ದಂಡಯಾತ್ರೆಯೇ ಹೊರಟಿತು. ಯಾವ ಪ್ರಾಚೀನ ಗ್ರಂಥದಲ್ಲೂ ಆ ದಂಡಯಾತ್ರೆ ಇಲ್ಲ.

ನಾರಾಯಣ್ ಈ ಪಟ್ಟಿಯ ಗಂಟನ್ನು ಬಿಚ್ಚಿದರು. ಇವರ ಕತೆ ಗ್ರೀಕ್ ಸಾಮ್ರಾಜ್ಯಗಳ ಕತೆಯ ಬಾಲವಲ್ಲ, ಭಾರತದ ಇತಿಹಾಸದ ಒಂದು ಅಧ್ಯಾಯ ಎಂಬುದು ಅವರ ವಾದ. ಅವರ ಗದ್ಯ ಟಾರ್ನರಷ್ಟು ಓಡುವುದಿಲ್ಲ, ಅಲ್ಲಲ್ಲಿ ತೂಕಡಿಸುತ್ತದೆ. ಆದರೆ ಯಾವ ಮಾತಿಗೆ ಯಾವ ನಾಣ್ಯ ಆಧಾರ ಎಂದು ನಾವೇ ತಿರುಗಿಸಿ ನೋಡಲು ಬಿಡುತ್ತದೆ. ಅವರೂ ಹಿಂಬದಿಯಲ್ಲಿ ಒಂದೇ ದೇವರಿದ್ದರೆ ಒಂದೇ ಮನೆತನ ಎಂದು ಅರಸರನ್ನು ಗುಂಪುಕಟ್ಟಲು ಹೊರಡುವಾಗ ನನಗೆ ಅನುಮಾನ ಬರುತ್ತದೆ. ದೇವರನ್ನು ಎತ್ತಿಕೊಳ್ಳಲು ನೆಂಟಸ್ತಿಕೆ ಬೇಕಿಲ್ಲ ಎಂದು ಡೆಮೆಟ್ರಿಯಸನ ಆನೆ ಆಗಲೇ ತೋರಿಸಿತ್ತಲ್ಲ. ಆದರೂ ಇಬ್ಬರಲ್ಲಿ ಒಬ್ಬರನ್ನು ಆರಿಸು ಎಂದರೆ ಓದುವ ಸುಖಕ್ಕೆ ಟಾರ್ನ್, ಓದಿ ನಂಬುವುದಕ್ಕೆ ನಾರಾಯಣ್.

ಆಂಟಿಮಾಕಸನ ನಗುವಿಗೆ ಇಬ್ಬರೂ ಕಾಣದೆ ಹೋದ ಒಂದು ಉತ್ತರ 1994ರಲ್ಲಿ ಪ್ರಕಟವಾಯಿತು. ಅದು ತೊಗಲಿನ ಮೇಲೆ ಶಾಯಿಯಲ್ಲಿ ಬರೆದ ತೆರಿಗೆ ರಸೀದಿ. ಅಸಂಗೋರ್ನ ಎಂಬ ಊರು, ನಾಲ್ಕನೆಯ ವರ್ಷ, ತಿಂಗಳ ಹೆಸರು. ಮೆನೊಡೋಟಸ್ ಎಂಬ ಸುಂಕದವನು, ಇಂತಿಂಥವರ ಸಮಕ್ಷಮದಲ್ಲಿ, ದತಾಯೆಸ್ ಎಂಬ ಸ್ಥಳೀಯ ಹೆಸರಿನವನ ಮಗನಿಂದ ಒಂದು ಖರೀದಿಯ ಮೇಲೆ ಸಲ್ಲಬೇಕಾದದ್ದನ್ನು ಪಡೆದೆ ಎಂದು ಒಪ್ಪಿಕೊಂಡಿದ್ದಾನೆ. ಅದರ ತಲೆಯ ಮೇಲೆ ಇರುವ ಸಾಲು: ದೇವ ಆಂಟಿಮಾಕಸ್, ಯೂಮೆನೀಸ್, ಆಂಟಿಮಾಕಸ್ ಇವರು ಆಳುತ್ತಿರಲು. ಮತ್ತೆ ಅದೇ ವಾಕ್ಯ. 'ದೇವ' ಎಂಬ ಬಿರುದು ಹಳ್ಳಿಯ ಸುಂಕದವನ ರಸೀದಿಯ ತಲೆಬರಹದಲ್ಲಿ ದಿನಾಂಕದ ಭಾಗವಾಗಿ ಕೂತಿದೆ. ಕಚೇರಿ ಕಾಗದದ ಮೇಲೆ ನಾವು 'ಮಾನ್ಯರೇ' ಎಂದು ಬರೆಯುವಾಗ ಯಾವ ನಗುವೂ ಇರುವುದಿಲ್ಲ, ಯಾವ ಭಕ್ತಿಯೂ ಇರುವುದಿಲ್ಲ. ಅದರ ಜೊತೆಗೆ ಅವನೊಂದಿಗೆ ಇನ್ನಿಬ್ಬರು ಆಳುತ್ತಿದ್ದರು ಎಂಬ ಸಂಗತಿಯನ್ನೂ ಆ ರಸೀದಿ ಹೇಳಿತು. ಎಷ್ಟು ದಿಟ್ಟಿಸಿದರೂ ಆ ಮುಖದಿಂದ ಇದು ಹೊರಡುತ್ತಿರಲಿಲ್ಲ.

ಆ ರಸೀದಿ ವಿದ್ವಾಂಸರ ಕೈಗೆ ಬಂದದ್ದು ಉತ್ಖನನದಿಂದ ಅಲ್ಲ, ಹಳೆವಸ್ತುಗಳ ಮಾರುಕಟ್ಟೆಯ ಹಾದಿಯಿಂದ. ಯಾವ ಗೋಡೆಯ ಬುಡದಲ್ಲಿತ್ತು, ಜೊತೆಗೆ ಇನ್ನೇನಿತ್ತು ಎಂಬುದು ಅದರೊಂದಿಗೆ ಬರಲಿಲ್ಲ. ನಾಣ್ಯಗಳ ಗತಿ ಇನ್ನೂ ಕಷ್ಟದ್ದು. 1946ರಲ್ಲಿ ಕುಂದೂಜ್ ಹತ್ತಿರ ಆರುನೂರಕ್ಕೂ ಹೆಚ್ಚು ಗ್ರೀಕ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಅದರಲ್ಲಿ ಅಮಿಂಟಾಸ್ ಎಂಬ ಅರಸನ ಇಪ್ಪತ್ತು ದ್ರಖ್ಮಗಳ ಐದು ನಾಣ್ಯ ಇದ್ದವು. ಒಂದೊಂದೂ 84 ಗ್ರಾಂ ಆಸುಪಾಸಿನ ತೂಕ, ಗ್ರೀಕರು ಹೊಡೆದ ಬೆಳ್ಳಿ ನಾಣ್ಯಗಳಲ್ಲೇ ದೊಡ್ಡವು. ಹಿಂದೂಕುಶ್‌ನ ದಕ್ಷಿಣಕ್ಕೆ ಆಳಿದ ಅರಸರು ಉತ್ತರದ ತೂಕದ ನಾಣ್ಯವನ್ನೂ ಹೊಡೆಸಿದ್ದರು, ಅವು ಬೆಟ್ಟ ದಾಟಿ ಹೋಗಿದ್ದವು ಎಂದು ತಿಳಿದದ್ದು ಆ ನಿಧಿ ಆ ಜಾಗದಲ್ಲಿ ಸಿಕ್ಕಿದ್ದರಿಂದ. ಮುಖ ಹೇಳದ ಮಾತನ್ನು ಮಣ್ಣು ಹೇಳಿತು. ಕಾಬೂಲ್ ಮ್ಯೂಸಿಯಂನಲ್ಲಿ ಇಟ್ಟಿದ್ದ ಆ ನಿಧಿ 1990ರ ದಶಕದ ಅಂತರ್ಯುದ್ಧದಲ್ಲಿ ಲೂಟಿಯಾಯಿತು. 1965ರಲ್ಲಿ ಫ್ರೆಂಚರು ಪ್ರಕಟಿಸಿದ ಪುಸ್ತಕದ ಚಿತ್ರಗಳು ಉಳಿದಿವೆ. ಅದೇ ದಶಕದಲ್ಲಿ ಪಕ್ತಿಯಾ ಪ್ರಾಂತ್ಯದ ಮೀರ್ ಜಕಾ ಎಂಬಲ್ಲಿ ಬಾವಿಯ ತಳದಿಂದ ಬಂದ ಲಕ್ಷಗಟ್ಟಲೆ ನಾಣ್ಯಗಳಿಗೆ ಅಂಥ ಪುಸ್ತಕವೂ ಇಲ್ಲ. ಪೇಶಾವರದ ಬಜಾರಿನ ಮೂಲಕ ಚದುರಿಹೋದವು. ಊರು ಕಳೆದುಕೊಂಡು ಬಂದ ನಾಣ್ಯದಲ್ಲಿ ಓದಲು ಉಳಿಯುವುದು ಮುಖ ಮತ್ತು ಮೂರು ಪದ. ಅದಕ್ಕೇ ಹರಾಜಿನ ಕ್ಯಾಟಲಾಗುಗಳಲ್ಲಿ ಆಂಟಿಮಾಕಸನ ನಗುವಿಗೆ ಇನ್ನೂ ಅಷ್ಟು ಬೇಡಿಕೆ.

ಈ ಅರಸರಲ್ಲಿ ನಮಗೆ ಪರಿಚಿತನಾದವನು ಮಿನಾಂಡರ್. 'ಮಿಲಿಂದಪನ್ಹ'ದಲ್ಲಿ ಭಿಕ್ಷು ನಾಗಸೇನನ ಮುಂದೆ ಕೂತು ಪ್ರಶ್ನೆ ಕೇಳುವ ಮಿಲಿಂದ ಅವನೇ. ಆ ಗ್ರಂಥವನ್ನು ಓದಿ ಅವನ ಬೆಳ್ಳಿಯನ್ನು ನೋಡಿದರೆ ಬೇರೆ ಯಾರನ್ನೋ ಕಂಡಂತಾಗುತ್ತದೆ. ಹಿಂಬದಿಯಲ್ಲಿ ಸಿಡಿಲು ಎಸೆಯುವ ಅಥೀನಾ, ಸುತ್ತ ಖರೋಷ್ಠಿಯಲ್ಲಿ 'ಮಹಾರಾಜನ, ತ್ರಾತಾರನ, ಮಿನಾಂಡರನ'. ಪ್ರಾಕೃತದಲ್ಲೂ ಷಷ್ಠಿಯೇ, 'ಮೆನಂದ್ರಸ'. ಇವೆರಡರಲ್ಲಿ ನಿಜವಾದ ಮಿನಾಂಡರ್ ಯಾರು ಎಂದು ಕೇಳುವುದಕ್ಕಿಂತ ಎರಡೂ ಯಾರ ಸಲುವಾಗಿ ಬರೆದವು ಎಂದು ಕೇಳುವುದು ಹೆಚ್ಚು ಫಲದಾಯಕ. ಒಂದು ಶ್ರೋತೃಗಳಿಗೆ, ಇನ್ನೊಂದು ಸಂಬಳ ಎಣಿಸಿಕೊಳ್ಳುವ ಸೈನಿಕನಿಗೆ, ಸಂತೆಯವನಿಗೆ.

ಅವನ ನಾಣ್ಯಗಳು ಅವನಿಗಿಂತ ದೂರ ನಡೆದವು. ಕ್ರಿಸ್ತಶಕ ಮೊದಲ ಶತಮಾನದಲ್ಲಿ 'ಪೆರಿಪ್ಲಸ್' ಬರೆದ ಗ್ರೀಕ್ ವ್ಯಾಪಾರಿ ಬರಿಗಾಜದಲ್ಲಿ, ಅಂದರೆ ಭರೂಚಿನಲ್ಲಿ, ಅಪೊಲೊಡೋಟಸ್ ಮತ್ತು ಮಿನಾಂಡರರ ಹೆಸರಿನ ಹಳೆಯ ದ್ರಖ್ಮಗಳು ಇನ್ನೂ ಚಲಾವಣೆಯಲ್ಲಿವೆ ಎಂದು ಹೇಳಿದ್ದಾನೆ. ಆ ಪದವೂ ಉಳಿಯಿತು. ದ್ರಖ್ಮ ದ್ರಮ್ಮವಾಯಿತು, ಹಿಂದಿಯ 'ದಾಮ್' ಆಯಿತು. ಮುಂಬಯಿಯ ಕನ್ಹೇರಿ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಾಸನಗಳಿವೆ, 'ಕವಿರಾಜಮಾರ್ಗ'ದ ಕಾಲದ ನಮ್ಮ ಅಮೋಘವರ್ಷನ ಆಳ್ವಿಕೆಯವು. ಅವುಗಳಲ್ಲಿ ಭಿಕ್ಷುಗಳಿಗೆ ಕೊಟ್ಟ ದಾನವನ್ನು ಎಣಿಸಿರುವುದು ದ್ರಮ್ಮಗಳಲ್ಲಿ. ಬೊರಿವಲಿಯಲ್ಲಿ ಇಳಿದು ಬಸ್ಸು ಹಿಡಿಯುವ ಕನ್ನಡಿಗರು ಗಮನಿಸಬಹುದು.

ಭರೂಚಿನ ಆ ದ್ರಖ್ಮದ ಮಾದರಿಯಲ್ಲೇ ಕ್ಷಹರಾತ ನಹಪಾನ ತನ್ನ ಬೆಳ್ಳಿ ಹೊಡೆಸಿದ. ಮುಂಬದಿಯಲ್ಲಿ ಮುಖ, ಸುತ್ತ ಗ್ರೀಕ್ ಅಕ್ಷರ. ಆದರೆ ಆ ಅಕ್ಷರಗಳಲ್ಲಿ ಬರೆದದ್ದು ಗ್ರೀಕ್ ಭಾಷೆಯಲ್ಲ, ಪ್ರಾಕೃತ. ನಾಸಿಕದ ಬಳಿ ಜೋಗಲ್ತೆಂಬಿಯಲ್ಲಿ 1906ರಲ್ಲಿ ಇಂಥ 13,000ಕ್ಕೂ ಹೆಚ್ಚು ನಾಣ್ಯ ಒಟ್ಟಿಗೆ ಸಿಕ್ಕವು. ಹೆಸರು ಎಲ್ಲದರಲ್ಲೂ ಒಂದೇ, ನಹಪಾನ. ಮುಖಗಳು ಮಾತ್ರ ಬೇರೆ ಬೇರೆ. ಕೆಲವು ಎಳೆಯ, ಕೆಲವು ಮುದಿ, ಕೆಲವು ಉದ್ದಮೂಗು, ಕೆಲವು ಮೊಂಡುಮೂಗು. ಮುಖ ನೋಡಿ ಸ್ವಭಾವ ಹೇಳುವವರು ಇಲ್ಲಿ ಬಂದು ಒಂದು ದಿನ ಕೂರಬೇಕು. ಅವುಗಳಲ್ಲಿ 9,000ಕ್ಕೂ ಹೆಚ್ಚಿನವುಗಳ ಮೇಲೆ ನಹಪಾನನನ್ನು ಸೋಲಿಸಿದ ಗೌತಮೀಪುತ್ರ ಶಾತಕರ್ಣಿ ತನ್ನ ಬೆಟ್ಟದ ಗುರುತನ್ನೂ ಉಜ್ಜಯಿನಿ ಚಿಹ್ನೆಯನ್ನೂ ಒತ್ತಿಸಿದ್ದಾನೆ. ಕರಗಿಸಿ ಹೊಸದು ಹೊಡೆಸಲಿಲ್ಲ. ಹಳೆಯ ಮುಖ ಕೆಳಗೆ ಅರ್ಧ ಕಾಣುತ್ತಲೇ ಇರುತ್ತದೆ.

ಅವನ ನಂತರದ ಶಾತವಾಹನರು, ಬನವಾಸಿಯವರೆಗೂ ಸನ್ನತಿಯವರೆಗೂ ಹೆಸರು ಬಿಟ್ಟುಹೋದವರು, ತಾವೂ ಮುಖದ ಬೆಳ್ಳಿ ನಾಣ್ಯ ಹೊಡೆಸಿದರು. ಗ್ರೀಕ್ ಅಕ್ಷರ ಇಲ್ಲಿ ಕಳಚಿಹೋಗಿದೆ, ಎರಡು ಭಾಷೆಯ ರೂಢಿ ಉಳಿದಿದೆ. ಮುಖದ ಸುತ್ತ ಪ್ರಾಕೃತ, ಅದು ಎಂದಿನಂತೆ ಷಷ್ಠಿ: 'ರಞೋ ವಾಸಿಠಿಪುತಸ', ಅರಸ ವಾಸಿಷ್ಠೀಪುತ್ರನ. ಇನ್ನೊಂದು ಬದಿಗೆ ಒಂದು ದ್ರಾವಿಡ ನುಡಿ. ಅದರ ಪದಗಳನ್ನು ಬಿಡಿಸಿ ಓದುವುದರಲ್ಲಿ ವಿದ್ವಾಂಸರಿಗೆ ಭೇದಗಳಿವೆ. 'ಅರಹಣಕು' ಎಂದು ಶುರುವಾಗುತ್ತದೆ. ನಮ್ಮ 'ಅರಸನಿಗೆ' ಎಂಬುದರ ಪಕ್ಕದ ಮನೆಯ ರೂಪ. ಪ್ರಾಕೃತದಲ್ಲಿ 'ನ' ಇದ್ದ ಕಡೆ ಈ ನುಡಿಯಲ್ಲಿ ನಾಣ್ಯ ಬರೆದವನು 'ಗೆ' ಹಾಕಿದ್ದಾನೆ.